ರಾಸ್ಟರ್ ಲೆಕ್ಕಕ್ಕೆ ಮುಂಚೆ ಪಿಕ್ಸೆಲ್ ಸರಿಮಾಡಿಕೊಳ್ಳಿ

ರಾಸ್ಟರ್ ಎಂದರೆ ಪಿಕ್ಸೆಲ್ ಎಂಬ ಪ್ರತಿ ಚೌಕಕ್ಕೂ ಒಂದು ಬೆಲೆ ಇರುವ ನಕ್ಷೆ. ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎಸ್‌ಆರ್‌ಟಿಎಂ ಎತ್ತರದ ಹಾಳೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ನೇರವಾಗಿ ಇಳಿಜಾರು ಲೆಕ್ಕಹಾಕುವ ಸ್ಲೋಪ್ ಟೂಲ್ ಓಡಿಸಿದರೆ, ಬಯಲು ನೆಲಕ್ಕೂ 89 ಡಿಗ್ರಿ ಇಳಿಜಾರು ಬರುವುದುಂಟು. ಕಾರಣ ಸರಳ. ಎತ್ತರ ಇರುವುದು ಮೀಟರ್‌ನಲ್ಲಿ, ಪಿಕ್ಸೆಲ್‌ನ ಅಗಲ ಡಿಗ್ರಿಯಲ್ಲಿ: ಒಂದು ಆರ್ಕ್ ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ), ಅಂದರೆ ಸುಮಾರು 0.000278. ಒಂದೆರಡು ಮೀಟರ್ ಏರಿಳಿತವನ್ನು ಇಷ್ಟು ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಬಯಲೂ ಗೋಡೆಯಾಗುತ್ತದೆ. ಮೊದಲು ವಾರ್ಪ್ ಟೂಲ್‌ನಲ್ಲಿ ಆ ಜಾಗದ ಯುಟಿಎಂ ವಲಯಕ್ಕೆ (ಮೀಟರ್ ಲೆಕ್ಕದ ನಕ್ಷಾ ಪದ್ಧತಿಗೆ) ಬದಲಿಸಿ, ಪಿಕ್ಸೆಲ್ ಗಾತ್ರ 30 ಮೀಟರ್ ಎಂದು ಕೊಡಿ. ಸ್ಕೇಲ್ ಜಾಗದಲ್ಲಿ 111120 (ಒಂದು ಡಿಗ್ರಿಗೆ ಸುಮಾರು ಇಷ್ಟು ಮೀಟರ್) ಹಾಕುವ ಅಡ್ಡದಾರಿಯೂ ಇದೆ. ಸಮಭಾಜಕದ ಹತ್ತಿರ ಅದು ನಡೆಯುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಪಿಕ್ಸೆಲ್‌ನ ಪೂರ್ವ–ಪಶ್ಚಿಮ ಅಗಲ ಅರ್ಧಕ್ಕಿಳಿದಿರುತ್ತದೆ, ಅಲ್ಲಿ ಅದನ್ನು ನಂಬುವಂತಿಲ್ಲ.

ವಾರ್ಪ್ ಮಾಡುವಾಗಲೇ ರೀಸ್ಯಾಂಪ್ಲಿಂಗ್ ವಿಧಾನವನ್ನೂ, ಅಂದರೆ ಹೊಸ ಪಿಕ್ಸೆಲ್‌ಗಳಿಗೆ ಬೆಲೆ ಕೊಡುವ ರೀತಿಯನ್ನೂ, ಆರಿಸಬೇಕು. ಎತ್ತರಕ್ಕೆ ಅಕ್ಕಪಕ್ಕದ ಬೆಲೆಗಳ ಸರಾಸರಿ ಹಿಡಿಯುವ ಬೈಲಿನಿಯರ್ ಹಾಕಿ. ಹತ್ತಿರದ ಒಂದೇ ಬೆಲೆ ಹಿಡಿಯುವ ನಿಯರೆಸ್ಟ್ ನೈಬರ್ ಅನ್ನೇ ಇಟ್ಟುಕೊಂಡರೆ ಇಳಿಜಾರಿನ ನಕ್ಷೆಯಲ್ಲಿ ಮೆಟ್ಟಿಲಿನಂಥ ಪಟ್ಟಿಗಳು ಮೂಡುತ್ತವೆ. ಭೂಬಳಕೆಯ ನಕ್ಷೆಗೆ ಮಾತ್ರ ಬೈಲಿನಿಯರ್ ಬೇಡವೇ ಬೇಡ. ವರ್ಲ್ಡ್‌ಕವರ್ ಎಂಬ ಅಂಥ ನಕ್ಷೆಯಲ್ಲಿ ಮರಗಳಿಗೆ ಸಂಕೇತ 10, ಕಟ್ಟಡಗಳಿಗೆ 50. ಇವೆರಡರ ನಡುವೆ ಸರಾಸರಿ ತೆಗೆದರೆ 30, ಅದು ಹುಲ್ಲುಗಾವಲಿನ ಸಂಕೇತ! ಕಾಡಿನ ಅಂಚಿನುದ್ದಕ್ಕೂ ಇಲ್ಲದ ಹುಲ್ಲುಗಾವಲು ಹುಟ್ಟಿಕೊಳ್ಳುತ್ತದೆ, ಮತ್ತು ನೋಡಲು ನಿಜದಂತೆಯೇ ಇರುತ್ತದೆ.

ಎರಡು ರಾಸ್ಟರ್‌ಗಳ ಪಿಕ್ಸೆಲ್ ಗಾತ್ರ ಒಂದೇ ಇದ್ದರೆ ಸಾಲದು, ಅಂಚುಗಳೂ ಕೂಡಬೇಕು. ಅರ್ಧ ಪಿಕ್ಸೆಲ್ ಸರಿದಿದ್ದರೂ ರಾಸ್ಟರ್ ಕ್ಯಾಲ್ಕುಲೇಟರ್ ಎಚ್ಚರಿಸುವುದಿಲ್ಲ, ಹತ್ತಿರದ ಬೆಲೆ ಹಿಡಿದು ಲೆಕ್ಕ ಮುಗಿಸುತ್ತದೆ. ಪ್ರಾಪರ್ಟೀಸ್‌ನಲ್ಲಿ ಎರಡರ ಒರಿಜಿನ್ (ಆರಂಭದ ಮೂಲೆ) ಮತ್ತು ಎಕ್ಸ್‌ಟೆಂಟ್ (ಹರವು) ಹೋಲಿಸಿ ನೋಡಿ.

ನೋಡೇಟಾ, ಅಂದರೆ ದತ್ತಾಂಶವಿಲ್ಲದ ಪಿಕ್ಸೆಲ್, ಇನ್ನೂ ಅಪಾಯಕಾರಿ. ಖಾಲಿ ಜಾಗಕ್ಕೆ −9999 ತುಂಬಿ, ಅದು ಖಾಲಿ ಎಂದು ಫೈಲಿನಲ್ಲಿ ಗುರುತಿಸದೆ ಬಿಟ್ಟವರು ಬಹಳ. 900 ಮೀಟರ್ ಎತ್ತರದ 99 ಪಿಕ್ಸೆಲ್‌ಗಳ ನಡುವೆ ಅಂಥದ್ದು ಒಂದೇ ಇದ್ದರೂ ಸರಾಸರಿ 791ಕ್ಕೆ ಕುಸಿಯುತ್ತದೆ. ಟ್ರಾನ್ಸ್‌ಲೇಟ್ ಟೂಲ್‌ನಲ್ಲಿ ನೋಡೇಟಾ ಬೆಲೆ ಕೊಟ್ಟು ಹೊಸ ಫೈಲ್ ಉಳಿಸಿ, ಕನಿಷ್ಠ ಬೆಲೆಯನ್ನು ಮತ್ತೊಮ್ಮೆ ನೋಡಿ.

ಇಷ್ಟಾದ ಮೇಲೆ ಜೋನಲ್ ಸ್ಟ್ಯಾಟಿಸ್ಟಿಕ್ಸ್, ಅಂದರೆ ಹೊಲದಂಥ ಒಂದೊಂದು ಪ್ರದೇಶದೊಳಗಿನ ಪಿಕ್ಸೆಲ್‌ಗಳ ಲೆಕ್ಕ. ಸರಾಸರಿಯ ಜೊತೆ ಕೌಂಟ್ (ಪಿಕ್ಸೆಲ್‌ಗಳ ಎಣಿಕೆ) ಅನ್ನೂ ತಪ್ಪದೆ ಕೇಳಿ. 30 ಮೀಟರ್‌ನ ಒಂದು ಪಿಕ್ಸೆಲ್ 900 ಚದರ ಮೀಟರ್. 2000 ಚದರ ಮೀಟರ್ ಹೊಲಕ್ಕೆ ಸಿಗುವುದು ಎರಡು ಮೂರು ಪಿಕ್ಸೆಲ್ ಅಷ್ಟೇ. ಆ ಸರಾಸರಿಯನ್ನು ವರದಿಯಲ್ಲಿ ಬರೆಯಬೇಡಿ, ಹೆಚ್ಚು ಸೂಕ್ಷ್ಮವಾದ ದತ್ತಾಂಶ ಹುಡುಕಿ.