ಗಟ್ಟಿಮೇಳದ ಹೊತ್ತಿಗೆ 3 ಪರ್ಸೆಂಟ್

ಹಾಸನದ ಹತ್ತಿರ ಒಂದು ಛತ್ರ, ಮದುವೆ ವಿಡಿಯೋ ಮಾಡೋಕೆ ಹೋಗಿದ್ದೆ. ಆರತಕ್ಷತೆ ಮುಗಿಸಿ, ಊಟ ಮಾಡಿ ರೂಮಿಗೆ ಬರುವಷ್ಟರಲ್ಲಿ ರಾತ್ರಿ 12. ಮುಹೂರ್ತ ಬೆಳಿಗ್ಗೆ 6:15ಕ್ಕೆ. ನಮ್ಮ ಸೋನಿ ಕ್ಯಾಮೆರಾದ ಎಫ್‌ಝಡ್‌100 ಬ್ಯಾಟರಿ ನಾಲ್ಕು, ನಾಲ್ಕೂ ಖಾಲಿ. ಆದರೂ ನನಗೆ ಚಿಂತೆ ಇರಲಿಲ್ಲ, ಯಾಕಂದ್ರೆ ಆ ವಾರವಷ್ಟೇ ಡ್ಯುಯಲ್ ಫಾಸ್ಟ್ ಚಾರ್ಜರ್ ತಂದಿದ್ದೆವು, ಎರಡೂವರೆ ಗಂಟೆಗೆ ಎರಡು ಬ್ಯಾಟರಿ ಫುಲ್ ಅಂತ ಡಬ್ಬದ ಮೇಲೇ ಇತ್ತು. ಎರಡು ಹಾಕಿ, ಎರಡೂ ಮುಕ್ಕಾಲಿಗೆ ಅಲಾರಾಂ ಇಟ್ಟು ಮಲಗಿದೆ.

ಅಲಾರಾಂ ಹೊಡೆದಾಗ ಎರಡೂ ಲೈಟ್ ಕೆಂಪು. ನಾನು ಎಡವಿದ್ದು ಇಲ್ಲೇ. ಎದ್ದು ಪ್ಲಗ್ ನೋಡಿದ್ದರೆ ಸಾಕಿತ್ತು. ಹೊಸದಲ್ವಾ, ಇನ್ನೇನು ಹಸಿರಾಗುತ್ತೆ ಅಂತ ಮತ್ತೆ ಹೊದ್ದುಕೊಂಡೆ. ಎಚ್ಚರವಾಗಿದ್ದು 5ಕ್ಕೆ, ಓಲಗದ ಸದ್ದಿಗೆ. ಆಗಲೂ ಕೆಂಪು!

ಒಂದು 58 ಪರ್ಸೆಂಟ್, ಇನ್ನೊಂದು 61. ಫೋಟೋದವರ ಕ್ಯಾಮೆರಾ ಬೇರೆ ಕಂಪನಿಯದು, ಅವರ ಬ್ಯಾಟರಿ ನಮಗೆ ಕೂರಲ್ಲ. ಕಾಶಿಯಾತ್ರೆಯಿಂದಲೇ ನನ್ನ ಕಣ್ಣು ಫ್ರೇಮ್ ಬಿಟ್ಟು ಆ ಮೂಲೆಯ ನಂಬರ್ ಮೇಲೇ. ಅಂತರಪಟ ಸರಿದಾಗ 9. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದಾಗ 3. ಆಮೇಲೆ ಸ್ಕ್ರೀನ್ ಕಪ್ಪು. ಅಸಿಸ್ಟೆಂಟ್ ಹುಡುಗನ ಕೈಯಿಂದ ಇನ್ನೊಂದು ಕ್ಯಾಮೆರಾ ಇದ್ದ ಗಿಂಬಲ್ (ಅಲುಗದ ಹಾಗೆ ಹಿಡಿಯೋ ಹಿಡಿಕೆ) ಕಸಿದುಕೊಂಡು ನುಗ್ಗಿದೆ, ಅಷ್ಟರಲ್ಲಿ ನೆಂಟರೆಲ್ಲ ಅಕ್ಷತೆ ಹಿಡಿದು ಎದುರಿಗೆ ಬಂದಿದ್ದರು. ಮೂರು ಗಂಟಿನಲ್ಲಿ ಸಿಕ್ಕಿದ್ದು ಕೊನೆಯದೊಂದೇ, ಅದರಲ್ಲೂ ಅರ್ಧ ಯಾರದೋ ಪೇಟ.

ತಿಂಡಿ ಹೊತ್ತಿಗೆ ರೂಮಿಗೆ ಹೋಗಿ ಪ್ಲಗ್ ಕಿತ್ತು ನೋಡಿದೆ. ಯಾವುದೋ ಹಳೇ ಮೊಬೈಲಿನ ಅಡಾಪ್ಟರ್, 5 ವೋಲ್ಟ್ 1 ಆಂಪ್. ಅಂದರೆ 5 ವಾಟ್. ಒಂದೊಂದು ಬ್ಯಾಟರಿ 16.4 ವಾಟ್ ಅವರ್, ಎರಡಕ್ಕೆ 33ರ ಹತ್ತಿರ. ಬಿಸಿಯಾಗಿ ಹೋಗೋದನ್ನು ಬಿಟ್ಟರೂ ಆರೂವರೆ ಗಂಟೆ ಬೇಕು. ಚಾರ್ಜರ್ ಮೇಲೆ ಫಾಸ್ಟ್ ಅಂತ ಬರೆದಿದ್ದರೆ ಏನು ಬಂತು, ಗೋಡೆಯಿಂದ ಬರೋದೇ ಅಷ್ಟು. ಚಾರ್ಜರ್ ಜೊತೆ ಇಟ್ಟಿದ್ದ ಪಿಡಿ ಅಡಾಪ್ಟರ್, ಅಂದರೆ ಹೆಚ್ಚು ವಾಟ್ ಕೊಡೋದನ್ನು, ನಮ್ಮ ಓನರ್ ತಮ್ಮ ಫೋನಿಗೆ ಅಂತ ಒಯ್ದಿದ್ದರು. ಹೇಳಿದ್ದಕ್ಕೆ, "ಡೂಪ್ಲಿಕೇಟ್ ಚಾರ್ಜರ್ ತಂದ್ರೆ ಹೀಗೇ ಆಗೋದು" ಅಂದರು. ತರಿಸಿದ್ದು ಅವರೇ.

ಈಗ ಹೊತ್ತು ಕಮ್ಮಿ ಇದ್ದರೆ ಫುಲ್ ಆಗಲಿ ಅಂತ ಕಾಯಲ್ಲ. 80 ದಾಟಿದ ಮೇಲೆ ಅದು ಹೇಗೂ ನಿಧಾನ, ಅಲ್ಲೇ ತೆಗೆದು ಮುಂದಿನ ಜೋಡಿ ಹಾಕ್ತೀನಿ. ಅಡಾಪ್ಟರ್‌ಗೆ ಕೆಂಪು ಟೇಪ್ ಸುತ್ತಿ "ಕ್ಯಾಮೆರಾಗೆ ಮಾತ್ರ" ಅಂತ ಬರೆದಿಟ್ಟಿದ್ದೀನಿ.

ಮೊನ್ನೆ ಓನರ್ ಫೋನ್ ಮಾಡಿದ್ದರು. "ಲೋ, ಆ ಕೆಂಪು ಟೇಪಿಂದು ಎಲ್ಲಿಟ್ಟಿದ್ದೀಯೋ, ಬೇಗ ಚಾರ್ಜ್ ಆಗುತ್ತೆ."