ಹೂಳು ನುಂಗಿದ ಬಂದರು: ಪ್ರಿಯೀನ್, ಮಿಲೆಟಸ್, ಡಿಡಿಮಾ

ಪಾಶ್ಚಾತ್ಯ ತತ್ವಶಾಸ್ತ್ರದ ತವರು ನೋಡಲು ಹೊರಟವರು ಸಾಮಾನ್ಯವಾಗಿ ಅಥೆನ್ಸಿಗೆ ಟಿಕೆಟ್ ಮಾಡಿಸುತ್ತಾರೆ. ಆದರೆ ಸಾಕ್ರಟಿಸ್ ಹುಟ್ಟುವ ನೂರು ವರ್ಷ ಮೊದಲೇ ಆ ಮಾತುಕತೆ ಶುರುವಾಗಿತ್ತು. ಅದು ನಡೆದದ್ದು ಏಜಿಯನ್ ಸಮುದ್ರದ ಪೂರ್ವ ದಡದಲ್ಲಿ, ಈಗಿನ ತುರ್ಕಿಯಲ್ಲಿ. ಆ ಕರಾವಳಿಯ ಹೆಸರು ಅಯೋನಿಯ. ಪರ್ಷಿಯನ್ನರು ಅಲ್ಲಿಯವರನ್ನು ಯೌನರೆಂದರು. ನಮ್ಮ 'ಯವನ' ಪದದ ಮೂಲವೂ ಅದೇ.

ಉಳಿದುಕೊಳ್ಳಲು ಸೆಲ್ಚುಕ್ ಊರು ಅನುಕೂಲ. ಇಜ್ಮಿರ್ ವಿಮಾನ ನಿಲ್ದಾಣದ ಪಕ್ಕದಲ್ಲೇ ರೈಲು ನಿಲ್ದಾಣವಿದೆ, ಅಲ್ಲಿಂದ ಸುಮಾರು ಒಂದು ಗಂಟೆ. ಭಾರತೀಯ ಪಾಸ್‌ಪೋರ್ಟ್ ಇರುವವರ ಬಳಿ ಚಾಲ್ತಿಯಲ್ಲಿರುವ ಶೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇದ್ದರೆ ತುರ್ಕಿಯ ಇ-ವೀಸಾ ಸಿಗುತ್ತದೆ. ಇಲ್ಲದಿದ್ದರೆ ಅರ್ಜಿ ಹಾಕಿ ಕಾಯಬೇಕು. ಕೆಲವು ವಾರ ಕೈಯಲ್ಲಿರಲಿ. ಪ್ರಿಯೀನ್, ಮಿಲೆಟಸ್, ಡಿಡಿಮಾ ಈ ಮೂರೂ ಹಳೆಯ ಜಾಗ ಒಂದೇ ದಿನಕ್ಕೆ ಮುಗಿಯಬೇಕೆಂದರೆ ಬಾಡಿಗೆ ಕಾರು ಬೇಕು. ಸೋಕೆ ಪಟ್ಟಣದಿಂದ ಪ್ರಿಯೀನಿಗೂ, ಡಿಡಿಮಾ ಇರುವ ಡಿಡಿಮ್ ಊರಿಗೂ ದೋಲ್ಮುಶ್, ಅಂದರೆ ಶೇರ್ ವ್ಯಾನ್, ಓಡಾಡುತ್ತವೆ. ಮಿಲೆಟಸ್ ಮಾತ್ರ ದಾರಿ ಬಿಟ್ಟು ಒಳಗಿದೆ. ವ್ಯಾನ್ ನಂಬಿ ಹೊರಟವರಿಗೆ ತಪ್ಪಿಹೋಗುವುದು ಅದೇ, ನೋಡಲೇಬೇಕಾದ್ದೂ ಅದೇ.

ಬೆಳಿಗ್ಗೆ ಮೊದಲು ಪ್ರಿಯೀನ್ ಮುಗಿಸಿ. ಮಿಕಾಲೆ ಬೆಟ್ಟದ ಬುಡದಲ್ಲಿ ಏರು ದಾರಿ; ನುಣುಪಾದ ಹಳೆಯ ಕಲ್ಲುಹಾಸು ಚಪ್ಪಲಿಗೆ ಜಾರುತ್ತದೆ. ಮೇಲೆ ಅಥೀನಾ ಗುಡಿಯ ಐದು ಕಂಬಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಅವುಗಳ ಫೋಟೋ ಎಲ್ಲರೂ ತೆಗೆಯುತ್ತಾರೆ. ನೀವು ಕೆಳಗೆ ಬಿದ್ದ ಕಂಬದ ಬಿಲ್ಲೆಗಳ ಹತ್ತಿರ ನಿಲ್ಲಿ. ಒಂದೇ ಬಂಡೆಯಲ್ಲಿ ಕಡೆದ ಕಂಬಗಳಲ್ಲ ಇವು, ಬಿಲ್ಲೆಯ ಮೇಲೆ ಬಿಲ್ಲೆ ಪೇರಿಸಿದವು. ಮಿಲೆಟಸಿನ ತತ್ವಜ್ಞಾನಿ ಅನಾಕ್ಸಿಮ್ಯಾಂಡರ್ ಭೂಮಿಯ ಆಕಾರ ಹೇಳಲು ಹೋಲಿಸಿದ್ದು ಕಲ್ಲುಕಂಬಕ್ಕೇ: ಅಗಲದ ಮೂರರಲ್ಲೊಂದು ಪಾಲು ದಪ್ಪ, ಮೇಲಿನ ಚಪ್ಪಟೆ ಮುಖದ ಮೇಲೆ ನಾವು. ಗೇಣು ಹಾಕಿ ಒಂದೆರಡು ಬಿಲ್ಲೆ ಅಳೆದು ನೋಡಿದರೆ ಅವನ ಅಳತೆಯ ಭೂಮಿ ಎಷ್ಟು ತೆಳುವೆಂದು ಕಣ್ಣಿಗೆ ಕಟ್ಟುತ್ತದೆ. ಆಕಾರ ತಪ್ಪು, ಸರಿ. ಆದರೆ ಆ ಬಿಲ್ಲೆ ಯಾವುದರ ಮೇಲೂ ಕೂತಿಲ್ಲ, ಎಲ್ಲ ಕಡೆಯಿಂದಲೂ ಸಮದೂರ ಇರುವುದರಿಂದ ಯಾವ ಕಡೆಗೂ ಬೀಳುವುದಿಲ್ಲ ಎಂದನಲ್ಲ, ಅದು ದೊಡ್ಡ ಮಾತು. ಆದಿಶೇಷನ ಹೆಡೆ ಬೇಡ, ಅವನಿಗಿಂತ ಮೊದಲಿನ ಮಿಲೆಟಸ್ ತತ್ವಜ್ಞಾನಿ ಥೇಲ್ಸ್ ಹೇಳಿದಂತೆ ತೇಲಲು ನೀರೂ ಬೇಡ.

ಅಲ್ಲಿಂದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಹತ್ತಿ ಹೊಲಗಳ ನಡುವಿನ ನೇರ ರಸ್ತೆ. ಈ ಬಯಲೆಲ್ಲ ಒಂದು ಕಾಲಕ್ಕೆ ಸಮುದ್ರ. ಮಿಯಾಂಡರ್ ನದಿ ತಂದ ಹೂಳು ಕೊಲ್ಲಿಯನ್ನೇ ತುಂಬಿಬಿಟ್ಟಿದೆ. ನಾಲ್ಕು ಬಂದರುಗಳಿದ್ದ ಮಿಲೆಟಸಿನಿಂದ ಕಡಲು ಈಗ ಎಂಟು-ಒಂಬತ್ತು ಕಿಲೋಮೀಟರ್ ದೂರ.

ಟಿಕೆಟ್ ಪಡೆದವರೇ ಸೀದಾ ಬಯಲು ರಂಗಮಂದಿರದ ಮೇಲಿನ ಸಾಲಿಗೆ ಹತ್ತಿ. ಸುಮಾರು 15,000 ಜನ ಕೂರುವ ಜಾಗ. ಪಶ್ಚಿಮಕ್ಕೆ ಹೊಲಗಳ ನಡುವೆ ಒಂಟಿ ಗುಡ್ಡವೊಂದು ಕಾಣುತ್ತದೆ. ಅದು ಲಾಡೆ ದ್ವೀಪ. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಅಯೋನಿಯದ ನೌಕಾಪಡೆಯನ್ನು ಮುರಿದದ್ದು ಅದರ ಎದುರಿಗೆ, ಈಗ ಟ್ರ್ಯಾಕ್ಟರ್ ಓಡುವ ಜಾಗದಲ್ಲಿ. ಅದೇ ವರ್ಷ ಊರೂ ನಾಶವಾಯಿತು. ಹಾಗಾಗಿ ಥೇಲ್ಸ್ ಓಡಾಡಿದ ಬೀದಿ ಹುಡುಕಿ ನಿರಾಶರಾಗಬೇಡಿ. ಇಲ್ಲಿ ಎದ್ದು ಕಾಣುವ ರಂಗಮಂದಿರ, ಫೌಸ್ಟಿನಾ ಸ್ನಾನಗೃಹ ಎಲ್ಲವೂ ಆಮೇಲಿನವು.

'ಎಲ್ಲವೂ ನೀರಿನಿಂದ' ಎಂದ ಥೇಲ್ಸ್‌ಗೆ ಈ ಹೂಳೇ ಸ್ಫೂರ್ತಿ ಎಂದು ಗೈಡ್‌ಗಳು ಹೇಳಿದರೆ ನಕ್ಕು ಸುಮ್ಮನಾಗಿ. ಅವನ ಕಾಲಕ್ಕೆ ಕಡಲು ಊರ ಬಾಗಿಲಲ್ಲೇ ಇತ್ತು. ಅವನು ಬಂದರಿನ ಊರಿನವನು ಎಂಬುದು ಮಾತ್ರ ಮುಖ್ಯ. ಈಜಿಪ್ಟಿಗೂ ಕಪ್ಪು ಸಮುದ್ರಕ್ಕೂ ಹಡಗು ಕಳಿಸುತ್ತಿದ್ದ ಊರಿನಲ್ಲಿ ಒಬ್ಬೊಬ್ಬ ನಾವಿಕ ಒಂದೊಂದು ದೇವರ ಕಥೆ ತಂದರೆ, ಯಾವುದನ್ನು ನಂಬುವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವ್ಯಾಪಾರವೂ ಗೊತ್ತಿದ್ದ ಆಸಾಮಿ. ಆಲಿವ್ ಬೆಳೆ ಚೆನ್ನಾಗಿ ಬರುತ್ತದೆಂದು ಚಳಿಗಾಲದಲ್ಲೇ ಲೆಕ್ಕ ಹಾಕಿ, ಮಿಲೆಟಸ್ ಮತ್ತು ಕಿಯೋಸಿನ ಗಾಣಗಳಿಗೆಲ್ಲ ಸಣ್ಣ ಮುಂಗಡ ಕೊಟ್ಟು, ಸುಗ್ಗಿಯಲ್ಲಿ ತಾನು ಹೇಳಿದ ಬಾಡಿಗೆಗೆ ಕೊಟ್ಟನೆಂದು ಅರಿಸ್ಟಾಟಲ್ ಬರೆದಿದ್ದಾನೆ.

ಮಿಲೆಟಸಿನ ಮೂರನೆಯ ತತ್ವಜ್ಞಾನಿ ಅನಾಕ್ಸಿಮೀನಿಸ್. ಅವನ ಪ್ರಯೋಗಕ್ಕೆ ಸಲಕರಣೆ ಬೇಡ, ಕೂತಲ್ಲೇ ಮಾಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ತುಟಿ ಕೂಡಿಸಿ 'ಫೂ' ಎಂದು ಊದಿ: ತಣ್ಣಗೆ. ಬಾಯಿ ಅಗಲಿಸಿ 'ಹಾ' ಎನ್ನಿ: ಬೆಚ್ಚಗೆ. ಒತ್ತಿದ ಗಾಳಿ ತಂಪು, ಸಡಿಲವಾದ ಗಾಳಿ ಬಿಸಿ. ಒತ್ತುತ್ತ ಹೋದರೆ ಗಾಳಿಯೇ ಮೋಡ, ನೀರು, ಮಣ್ಣು, ಕಲ್ಲು ಆಗುತ್ತದೆ ಎಂದು ಅವನ ವಾದ. ನಿಜವಾದ ಕಾರಣ ಬೇರೆ: ಊದಿದ ಉಸಿರು ಸುತ್ತಲಿನ ತಂಪು ಗಾಳಿಯನ್ನೂ ಎಳೆದುಕೊಂಡು ಬರುತ್ತದೆ. ಆದರೂ ಒರಾಕಲ್, ಅಂದರೆ ಗುಡಿಯಲ್ಲಿ ದೇವರ ಹೆಸರಿನಲ್ಲಿ ಹೇಳುವ ಕಣಿ, ಕೇಳದೆ ಯಾರು ಬೇಕಾದರೂ ತಮ್ಮ ಕೈಯಲ್ಲೇ ಪರೀಕ್ಷಿಸಬಹುದಾದ ವಾದ ಅದು.

ಚಳಿಗಾಲದ ಮಳೆ ಮುಗಿದ ಮೇಲೂ ಕೆಳಗಿನ ಬಂದರು ಭಾಗದಲ್ಲಿ ನೀರು ನಿಂತಿರುತ್ತದೆ, ಬೂಟು ಇರಲಿ. ಜುಲೈ-ಆಗಸ್ಟಿನಲ್ಲಿ ನೆರಳೇ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರು ಸಾಲದು.

ಒರಾಕಲ್ ಇದ್ದದ್ದು ಡಿಡಿಮಾದ ಅಪೊಲೊ ಗುಡಿಯಲ್ಲಿ, ಇನ್ನೂ ಇಪ್ಪತ್ತು ಕಿಲೋಮೀಟರ್. ಪೂರ್ತಿ ಎತ್ತರಕ್ಕೆ ನಿಂತಿರುವ ಕಂಬಗಳು ಮೂರೇ, ಒಂದೊಂದೂ 19 ಮೀಟರಿಗೂ ಹೆಚ್ಚು. ಥೇಲ್ಸ್ ಪಿರಮಿಡ್ ಅಳೆದನೆನ್ನುವ ಉಪಾಯಕ್ಕೆ ಒಳ್ಳೆಯ ಜಾಗ. ಒಂದು ಮೀಟರ್ ಕೋಲನ್ನು ನೆಟ್ಟಗೆ ಹಿಡಿದು, ಅದರ ನೆರಳು ಒಂದು ಮೀಟರ್ ಆಗುವ ಗಳಿಗೆ ಕಾಯಿರಿ. ಆಗ ಕಂಬದ ನೆರಳೆಷ್ಟೋ ಎತ್ತರವೂ ಅಷ್ಟೇ. ಸೂರ್ಯ 45 ಡಿಗ್ರಿ ಏರಬೇಕಾದ್ದರಿಂದ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ಇಲ್ಲಿ ಆ ಗಳಿಗೆ ಬರುವುದೇ ಇಲ್ಲ. ಆಗ ಕಂಬದ ನೆರಳನ್ನು ಕೋಲಿನ ನೆರಳಿನಿಂದ ಭಾಗಿಸಿ. ಎಲ್ಲರೂ ಎಡವುವುದು ಎರಡು ಕಡೆ: ಪಿರಮಿಡ್ಡಿಗೆ ಮಾಡುವಂತೆ ಕಂಬಕ್ಕೂ ನೆರಳನ್ನು ನಡುವಿನಿಂದ ಅಳೆಯುತ್ತಾರೆ; ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ದಪ್ಪದ ಕಂಬಕ್ಕೆ ನೆರಳು ಬಿದ್ದ ಕಡೆಯ ಅಂಚಿನಿಂದಲೇ ಅಳೆಯಬೇಕು. ನೆರಳು ಮೆಟ್ಟಿಲಿಗೆ ಇಳಿದರಂತೂ ಲೆಕ್ಕ ಕೆಟ್ಟಿತು.

ಮರುದಿನ ಎಫೆಸಸ್. ಜನಜಂಗುಳಿಯ ಮುಖ್ಯ ಅವಶೇಷಗಳಿಗೆ ಮೊದಲು ಸೆಲ್ಚುಕ್ ಅಂಚಿನಲ್ಲಿರುವ ಆರ್ಟೆಮಿಸ್ ಗುಡಿಯ ಜಾಗಕ್ಕೆ ಹೋಗಿ. ಟಿಕೆಟ್ ಇಲ್ಲ, ಅರ್ಧ ಗಂಟೆ ಸಾಕು. ಎಫೆಸಸಿನ ತತ್ವಜ್ಞಾನಿ ಹೆರಾಕ್ಲಿಟಸ್ ತನ್ನ ಪುಸ್ತಕವನ್ನು ಇಟ್ಟದ್ದು ಈ ಗುಡಿಯಲ್ಲಿ ಎಂಬುದು ಹಳೆಯ ಮಾತು. ಕ್ರಿ.ಪೂ. 356ರಲ್ಲಿ ಗುಡಿಗೆ ಬೆಂಕಿ ಬಿತ್ತು, ಮತ್ತೆ ಕಟ್ಟಿದರು, ಅದೂ ಹೋಯಿತು. ಪುಸ್ತಕದಲ್ಲಿ ಉಳಿದಿರುವುದು ಬೇರೆಯವರು ಎತ್ತಿ ಬರೆದುಕೊಂಡ ನೂರು ಚಿಲ್ಲರೆ ತುಣುಕುಗಳು. ಗುಡಿಯಲ್ಲಿ, ಸಿಕ್ಕಿದ ಚೂರುಗಳನ್ನೆಲ್ಲ ಪೇರಿಸಿ ನಿಲ್ಲಿಸಿದ ಒಂದು ಕಂಬ. ಅದರ ತುದಿಯಲ್ಲಿ ಕೊಕ್ಕರೆ ಗೂಡು.