ಇಪ್ಸಿಲ್ಯಾಂಟಿಗೆ ಹೋದರೆ ಗೋಪುರದ ಬುಡಕ್ಕೂ ಹೋಗಿ

ಮಿಶಿಗನ್‌ನ ಆನ್ ಆರ್ಬರ್‌ಗೆ ಮಕ್ಕಳ ಮನೆಗೆಂದು ಬರುವವರು ಅರ್ಧ ದಿನ ಬಿಡುವು ಮಾಡಿಕೊಂಡು ಪಕ್ಕದ ಇಪ್ಸಿಲ್ಯಾಂಟಿ ನೋಡಿ ಬನ್ನಿ. ಕಾರೇ ಬೇಕು ಅಂತೇನಿಲ್ಲ, 4ನೇ ನಂಬರ್ ಬಸ್ ಸಿಗುತ್ತದೆ.

ಮೊದಲು ಹೆಸರು ಕಲಿತುಕೊಳ್ಳಿ. ಇಂಗ್ಲಿಷಿನಲ್ಲಿ ವೈ ಅಕ್ಷರದಿಂದ ಶುರುವಾಗುತ್ತದೆ. ನಾನು 'ಯಪ್ಸಿ' ಎಂದು ಕೇಳಿದ್ದು ಬಸ್ ಡ್ರೈವರಿಗೆ ಅರ್ಥವೇ ಆಗಲಿಲ್ಲ. ಊರವರು ಪ್ರೀತಿಯಿಂದ ಬರೀ 'ಇಪ್ಸಿ' ಅನ್ನುತ್ತಾರೆ.

ನೀರಿನ ಗೋಪುರ ದೂರದಿಂದಲೇ ಕಾಣುತ್ತದೆ. 1890ರಲ್ಲಿ ಕಟ್ಟಿ ಮುಗಿಸಿದ್ದು, ಎತ್ತರ 147 ಅಡಿ. ಜಾಸ್ತಿ ಜನ ರಸ್ತೆಯಿಂದಲೇ ಫೋಟೋ ಹೊಡೆದು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ, ಬುಡದ ತನಕ ನಡೆಯಿರಿ. ಅಲ್ಲಿ ಒಂದು ಕಡೆ ಅಮೆರಿಕದ ಬಾವುಟ, ಇನ್ನೊಂದು ಕಡೆ ಗ್ರೀಸಿನ ಬಾವುಟ. ನಡುವೆ ಗ್ರೀಸಿನ ಸ್ವಾತಂತ್ರ್ಯ ಯುದ್ಧದ ಸೇನಾನಿ ದಿಮಿತ್ರಿಯೋಸ್ ಇಪ್ಸಿಲಾಂಟಿಸ್ ಪುತ್ಥಳಿ, ತಲೆಯಿಂದ ಎದೆಯವರೆಗಿನದು. ಊರಿಗೆ ಹೆಸರು ಬಂದಿದ್ದು ಇವರಿಂದ.

ಈ ಮನೆತನದ ಕಥೆ ಓದಿಕೊಂಡು ಹೋದರೆ ಅಲ್ಲಿ ನಿಂತಾಗ ಮನಸ್ಸು ತುಂಬಿ ಬರುತ್ತದೆ. ಅಣ್ಣ ಅಲೆಕ್ಸಾಂದ್ರೋಸ್ 1821ರಲ್ಲಿ ಇಂದಿನ ರೊಮೇನಿಯಾ ಗಡಿಯ ಪ್ರುತ್ ನದಿ ದಾಟಿ, ಆಗ ಗ್ರೀಸನ್ನು ಆಳುತ್ತಿದ್ದ ಆಟೊಮನ್ ತುರ್ಕರ ವಿರುದ್ಧ ಬಂಡಾಯ ಎಬ್ಬಿಸಿದರು. ಸೋತು ಆಸ್ಟ್ರಿಯಾದಲ್ಲಿ ಸೆರೆಯಾದರು. 1828ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡರು. ತಮ್ಮ ದಿಮಿತ್ರಿಯೋಸ್ ಗ್ರೀಸಿನಲ್ಲೇ ನಿಂತು ಹೋರಾಡಿದರು. 1822ರಲ್ಲಿ ಆರ್ಗೋಸ್ ಕೋಟೆ ಹಿಡಿದು ನಿಂತರು, 1829ರಲ್ಲಿ ಪೆತ್ರಾದಲ್ಲಿ ಆ ಯುದ್ಧದ ಕೊನೆಯ ಕಾಳಗ ಗೆದ್ದರು. ಆ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1825ರಲ್ಲಿ, ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡ್ ಈ ಹೊಸ ಊರಿಗೆ ಅವರ ಹೆಸರು ಇಟ್ಟರು. ಸಮುದ್ರದಾಚೆಯ ಒಬ್ಬರ ಹೋರಾಟವನ್ನು ತಮ್ಮದೇ ಅಂದುಕೊಂಡರಲ್ಲ, ನನಗೆ ಅದು ತುಂಬಾ ಹಿಡಿಸಿತು.

ಗೋಪುರದ ಕಲ್ಲುಗಳನ್ನೂ ಹತ್ತಿರದಿಂದ ನೋಡಿ. ಕೆಲಸದವರು ತಮಗೆ ಅಪಾಯ ಆಗದಿರಲಿ ಎಂದು ಕಲ್ಲಿನಲ್ಲೇ ಶಿಲುಬೆ ಕೂರಿಸಿದ್ದರಂತೆ. ನಮ್ಮಲ್ಲಿ ಕಟ್ಟುವಾಗ ದೃಷ್ಟಿಗೊಂಬೆ ಕಟ್ಟುವುದಿಲ್ವಾ, ಹಾಗೆ.

ಅಲ್ಲಿಂದ ಕ್ರಾಸ್ ಸ್ಟ್ರೀಟ್ ಹಿಡಿದು ಇಳಿಜಾರಿನಲ್ಲಿ ನಡೆದರೆ ಹ್ಯೂರಾನ್ ನದಿ, ಅದರಾಚೆ ಡೀಪೋ ಟೌನ್ ಅನ್ನುವ ಹಳೆಯ ಬಡಾವಣೆ. ಕಾರುಗಳ ಮ್ಯೂಸಿಯಂ ಅಲ್ಲೇ ಇದೆ, ಹಿಂದೆ ಅದು ಹಡ್ಸನ್ ಕಾರುಗಳ ಮಾರಾಟದ ಅಂಗಡಿ. ತೆರೆದಿರುವ ದಿನ ಮೊದಲೇ ನೋಡಿಕೊಂಡು ಹೋಗಿ. ಚಳಿಗಾಲದಲ್ಲಿ ಹಿಮ ಬಿದ್ದಿದ್ದರೆ ವಯಸ್ಸಾದವರಿಗೆ ಈ ನಡಿಗೆ ಬೇಡ. ಅಕ್ಟೋಬರ್ ಒಳ್ಳೆಯ ಸಮಯ.

ಮುಂದೆ ಯಾವಾಗಲಾದರೂ ಗ್ರೀಸಿಗೆ ಹೋಗುವ ಯೋಗ ಬಂದರೆ ನಾಫ್‌ಪ್ಲಿಯೋ ಊರನ್ನು ಪಟ್ಟಿಗೆ ಸೇರಿಸಿಕೊಳ್ಳಿ. 1832ರಲ್ಲಿ ದಿಮಿತ್ರಿಯೋಸ್ ತೀರಿಕೊಂಡಿದ್ದು ಅಲ್ಲಿ. ಸಮಾಧಿಯೂ ಆ ಊರಿನ ಚೌಕದಲ್ಲೇ ಇದೆ.